ಎಲಿಜಬೆತ್ ಸೀಟನ್: ತಾಯ್ತನ, ಶಾಲೆ ಮತ್ತು ಧರ್ಮಶ್ರದ್ಧೆ

1

ಸಂತರ ಚರಿತ್ರೆಗಳನ್ನು ಬರೆಯುವ ಪರಂಪರೆಯಲ್ಲಿ ಸಂಸಾರವು ಸಾಮಾನ್ಯವಾಗಿ ದಾಟಿಹೋಗಬೇಕಾದ ಹೊಳೆಯಂತೆ ಕಾಣಿಸಿಕೊಳ್ಳುತ್ತದೆ. ಗಂಡ, ಮಕ್ಕಳು, ಮನೆ, ಸಾಲ, ಕಾಯಿಲೆ ಇವೆಲ್ಲ ಚರಿತ್ರೆಯ ಮೊದಲ ಭಾಗದಲ್ಲಿ ಬಂದು, ಚರಿತ್ರನಾಯಕಿಯು ದೀಕ್ಷೆ ಪಡೆದೊಡನೆ ಹಿನ್ನೆಲೆಗೆ ಸರಿಯುತ್ತವೆ. ಎಲಿಜಬೆತ್ ಆನ್ ಸೀಟನ್ (1774–1821) ಅವರ ಬದುಕನ್ನು ಈ ಚೌಕಟ್ಟಿನಲ್ಲಿಟ್ಟು ನೋಡುವುದು ಸುಲಭವಲ್ಲ. ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲದಲ್ಲಿ ಹುಟ್ಟಿ ಕಥೋಲಿಕ ಧರ್ಮಸಭೆಯ ಸಂತ ಪದವಿಗೇರಿದವರಲ್ಲಿ ಮೊದಲಿಗರಾದ ಇವರು ಐದು ಮಕ್ಕಳ ತಾಯಿ. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ವಿಧವೆಯಾದವರು. ಹೊಟ್ಟೆಪಾಡಿಗಾಗಿ ಶಾಲೆ ತೆರೆದು, ಆ ಶಾಲೆಯಿಂದಲೇ ಒಂದು ಧರ್ಮಭಗಿನಿಯರ ಸಂಘವನ್ನು ಬೆಳೆಸಿದವರು. ಸಂಘದ 'ತಾಯಿ'ಯಾದ ಮೇಲೂ ಹೆತ್ತ ಮಕ್ಕಳ ತಾಯಿಯಾಗಿರುವ ಹಕ್ಕನ್ನು ಅವರು ಬಿಟ್ಟುಕೊಡಲಿಲ್ಲ.

ಸೀಟನ್ ಅವರನ್ನು ಕುರಿತ ಜನಪ್ರಿಯ ಕಥನಗಳು ಈ ಬದುಕನ್ನು ಎರಡು ತುಂಡುಗಳಾಗಿ ನೋಡುತ್ತವೆ. 1803ರವರೆಗಿನದು ಗೃಹಿಣಿಯ ಬದುಕು, ಅನಂತರದ್ದು ಸಂಸ್ಥಾಪಕಿಯ ಬದುಕು ಎಂಬ ವಿಭಜನೆಯೇ ಅವುಗಳ ತಳಹದಿ. ಈ ವಿಭಜನೆಯು ಚರಿತ್ರೆಯ ಸಂಗತಿಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು ಪರಿಶೀಲನೆಗೆ ಅರ್ಹವಾದ ಪ್ರಶ್ನೆ. ಮನೆಯೊಳಗಿನ ಪಾಠ, ವಿಧವೆಯ ಶಾಲೆ ಮತ್ತು ಭಗಿನಿಯರ ಸಂಘ ಇವು ಮೂರೂ ಒಂದೇ ಎಳೆಯ ಮುಂದುವರಿಕೆಗಳೆಂದು ಗ್ರಹಿಸಿದಾಗ, ಅವರ ಬದುಕಿನ ಸಾಧನೆಯ ಜೊತೆಗೆ ಅದಕ್ಕಾಗಿ ತೆತ್ತ ಬೆಲೆಯೂ ಸ್ಪಷ್ಟವಾಗುತ್ತದೆ.

2

ಎಲಿಜಬೆತ್ ಹುಟ್ಟಿದ್ದು 1774ರ ಆಗಸ್ಟ್ 28ರಂದು ನ್ಯೂಯಾರ್ಕ್ ನಗರದ ಪ್ರತಿಷ್ಠಿತ ಆಂಗ್ಲಿಕನ್ ಮನೆತನವೊಂದರಲ್ಲಿ. ತಂದೆ ರಿಚರ್ಡ್ ಬೇಲಿ ಹೆಸರಾಂತ ಶಸ್ತ್ರವೈದ್ಯ. ಕೊಲಂಬಿಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಮುಂದೆ ನ್ಯೂಯಾರ್ಕ್ ಬಂದರಿನ ಆರೋಗ್ಯಾಧಿಕಾರಿಯಾದವರು. ತಾಯಿ ಕ್ಯಾಥರೀನ್ ಚಾರ್ಲ್‌ಟನ್ ಸ್ಟೇಟನ್ ದ್ವೀಪದ ಆಂಗ್ಲಿಕನ್ ಗುರುವೊಬ್ಬರ ಮಗಳು. ಎಲಿಜಬೆತ್‌ಗೆ ಮೂರು ವರ್ಷವೂ ತುಂಬುವ ಮೊದಲೇ, 1777ರಲ್ಲಿ, ತಾಯಿ ತೀರಿಕೊಂಡರು. ಮರುವರ್ಷ ಪುಟ್ಟ ತಂಗಿಯೂ ಸತ್ತಳು. ತಂದೆ ಷಾರ್ಲೆಟ್ ಬಾರ್ಕ್ಲೆ ಎಂಬಾಕೆಯನ್ನು ಮದುವೆಯಾದರಾದರೂ ಆ ದಾಂಪತ್ಯ ನೆಮ್ಮದಿಯದಾಗಿರಲಿಲ್ಲ. ಕೊನೆಗೆ ಗಂಡ ಹೆಂಡತಿ ಬೇರೆಯಾದರು. ಮಲತಾಯಿಯ ಮನೆಯಲ್ಲಿ ಎಲಿಜಬೆತ್ ಮತ್ತು ಅಕ್ಕ ಮೇರಿ ಇಬ್ಬರಿಗೂ ನೆಲೆ ಇಲ್ಲದಂತಾಗಿ, ನ್ಯೂ ರಾಷೆಲ್‌ನಲ್ಲಿದ್ದ ದೊಡ್ಡಪ್ಪ ಚಿಕ್ಕಪ್ಪಂದಿರ ಮನೆಯ ಆಸರೆಯಲ್ಲಿ ದಿನಗಳು ಕಳೆದವು. ಫ್ರೆಂಚ್ ಭಾಷೆ, ಪಿಯಾನೊ, ಕುದುರೆ ಸವಾರಿ ಇವು ಆ ಕಾಲದ ಸಿರಿವಂತರ ಹೆಣ್ಣುಮಕ್ಕಳಿಗೆ ಸಲ್ಲುತ್ತಿದ್ದ ವಿದ್ಯೆಗಳು. ಅವು ಎಲಿಜಬೆತ್‌ಗೂ ದೊರೆತವು. ಆದರೆ ತನ್ನದೆನ್ನುವ ಮನೆ ದೊರೆಯಲಿಲ್ಲ. ಮುಂದೆ ಇದ್ದ ಕಡೆಯಲ್ಲೆಲ್ಲ ಮಕ್ಕಳನ್ನು ಸುತ್ತ ಸೇರಿಸಿಕೊಂಡು ಮನೆ ಕಟ್ಟುವ ಅವರ ಹಂಬಲಕ್ಕೆ ಈ ಬಾಲ್ಯದ ಅನಾಥಪ್ರಜ್ಞೆಯಲ್ಲಿ ಬೇರುಗಳಿರುವಂತೆ ತೋರುತ್ತದೆ.

1794ರ ಜನವರಿ 25ರಂದು, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಎಲಿಜಬೆತ್ ಅವರ ಮದುವೆ ವಿಲಿಯಂ ಮ್ಯಾಗೀ ಸೀಟನ್ ಎಂಬ ತರುಣ ವರ್ತಕನೊಡನೆ ನಡೆಯಿತು. ಸೀಟನ್ ಮನೆತನದ ವ್ಯಾಪಾರ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಿಗೆ ಹಬ್ಬಿತ್ತು. ವಿಲಿಯಂ ಇಟಲಿಯ ಲಿವೋರ್ನೊ ಬಂದರಿನ ಫಿಲಿಕ್ಕಿ ವರ್ತಕರ ಬಳಿ ಕೆಲಸ ಕಲಿತುಬಂದಿದ್ದರು. ಎಂಟು ವರ್ಷಗಳ ಅವಧಿಯಲ್ಲಿ ಐದು ಮಕ್ಕಳಾದವು: ಅನ್ನಾ ಮರಿಯಾ (1795), ವಿಲಿಯಂ (1796), ರಿಚರ್ಡ್ (1798), ಕ್ಯಾಥರೀನ್ (1800), ರೆಬೆಕಾ (1802). ಟ್ರಿನಿಟಿ ಚರ್ಚಿನ ಭಕ್ತವೃಂದದಲ್ಲಿ ಎಲಿಜಬೆತ್ ಸಕ್ರಿಯರಾಗಿದ್ದರು. 1797ರಲ್ಲಿ ಇಸಬೆಲಾ ಗ್ರಹಾಂ ಮೊದಲಾದವರು ಸೇರಿ ಚಿಕ್ಕ ಮಕ್ಕಳಿರುವ ಬಡ ವಿಧವೆಯರ ನೆರವಿಗೆ ಸ್ಥಾಪಿಸಿದ ಸಂಘದಲ್ಲಿ ಖಜಾಂಚಿಯ ಹೊಣೆಯನ್ನು ಅವರು ಹೊತ್ತರು. ಆರು ವರ್ಷಗಳ ಬಳಿಕ ಅವರೇ ಚಿಕ್ಕ ಮಕ್ಕಳಿರುವ ಬಡ ವಿಧವೆಯಾದರು.

1798ರಲ್ಲಿ ಮಾವನವರು ತೀರಿಕೊಂಡದ್ದು ಈ ಸಂಸಾರದ ದಿಕ್ಕನ್ನು ಬದಲಿಸಿತು. ವಿಲಿಯಂ ಅವರ ಆರು ಮಂದಿ ಕಿರಿಯ ತಮ್ಮ ತಂಗಿಯರ ಹೊಣೆ ಒಮ್ಮೆಗೇ ಇಪ್ಪತ್ತಮೂರರ ಸೊಸೆಯ ಹೆಗಲೇರಿತು. ಆ ಹೊತ್ತಿಗೆ ಅವರು ಮೂರನೆಯ ಮಗುವಿನ ಬಸುರಿ. ಸಣ್ಣ ನಾದಿನಿಯರಿಗೆ ಮನೆಯಲ್ಲಿಯೇ ಓದು ಬರಹ ಹೇಳಿಕೊಡುವ ಕೆಲಸವೂ ಇದರೊಂದಿಗೆ ಸೇರಿಕೊಂಡಿತು. ಎಲಿಜಬೆತ್ ಸೀಟನ್ ಅವರ ಅಧ್ಯಾಪನ ವೃತ್ತಿಯನ್ನು 1808ರಿಂದ ಎಣಿಸುವುದು ರೂಢಿಯಲ್ಲಿದ್ದರೂ ಅದರ ನಿಜವಾದ ಆರಂಭ ಈ ಕೂಡುಮನೆಯ ಪಡಸಾಲೆಯಲ್ಲಿದೆ. ಅಲ್ಲಿ ಪಾಠ ಕಲಿತ ನಾದಿನಿಯರಲ್ಲಿ ಸಿಸಿಲಿಯಾ ಮತ್ತು ಹ್ಯಾರಿಯೆಟ್ ಇಬ್ಬರೂ ಹತ್ತು ವರ್ಷಗಳ ನಂತರ ಅವರನ್ನು ಹಿಂಬಾಲಿಸಿ ಬಂದರು ಎಂಬುದು ಗಮನಾರ್ಹ.

ಅದೇ ವರ್ಷಗಳಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ಗಳ ನಡುವಿನ ಅಘೋಷಿತ ಸಮುದ್ರಯುದ್ಧದಿಂದ ಹಡಗುಗಳು ಕೈತಪ್ಪಿ, ಸಾಲ ವಸೂಲಾಗದೆ, ಸೀಟನ್ ಮನೆತನದ ವ್ಯಾಪಾರ ದಿವಾಳಿಯಾಯಿತು. ರಾತ್ರಿಯ ಹೊತ್ತು ಗಂಡನ ವ್ಯವಹಾರದ ಪತ್ರಗಳನ್ನು ಬರೆದುಕೊಡುತ್ತಿದ್ದ ಎಲಿಜಬೆತ್ ಈ ಕುಸಿತವನ್ನು ಹತ್ತಿರದಿಂದ ಕಂಡರು. 1801ರ ಬೇಸಿಗೆಯಲ್ಲಿ ಸ್ಟೇಟನ್ ದ್ವೀಪದ ಹಡಗು ತಪಾಸಣೆಯ ಠಾಣೆಯಲ್ಲಿ ತಂದೆಯ ಜೊತೆಗಿದ್ದಾಗ ಅವರು ಇನ್ನೊಂದು ದೃಶ್ಯವನ್ನೂ ಕಂಡರು. ಐರ್ಲೆಂಡಿನಿಂದ ವಲಸೆ ಬಂದ ಬಡವರ ಹಸುಗೂಸುಗಳು ತಾಯಂದಿರ ಎದೆಯಲ್ಲಿ ಹಾಲಿಲ್ಲದೆ ಸಾಯುತ್ತಿದ್ದವು. ಮೊಲೆಯೂಡುವ ಮಗು ತಮಗೂ ಇದ್ದುದರಿಂದ ಆ ಕೂಸುಗಳಿಗೆ ಹಾಲೂಡಿಸಲು ಅವರು ಮುಂದಾದರು. ಸೋಂಕಿನ ಅಪಾಯವನ್ನು ಬಲ್ಲ ತಂದೆ ಒಪ್ಪಲಿಲ್ಲ. ಅದೇ ಆಗಸ್ಟಿನಲ್ಲಿ ಆ ವಲಸೆಗಾರರ ಶುಶ್ರೂಷೆಯಲ್ಲಿದ್ದ ತಂದೆಯೇ ಜ್ವರ ತಗುಲಿ ತೀರಿಕೊಂಡರು.

3

ವಿಲಿಯಂ ಅವರ ಕ್ಷಯರೋಗ ಉಲ್ಬಣಿಸಿದಾಗ, ಇಟಲಿಯ ಹವೆ ಹಿತವಾದೀತೆಂಬ ನಂಬಿಕೆಯಿಂದ ದಂಪತಿಗಳು 1803ರ ಅಕ್ಟೋಬರ್ ಆರಂಭದಲ್ಲಿ ಹಡಗು ಹತ್ತಿದರು. ಎಂಟು ವರ್ಷದ ಅನ್ನಾ ಮರಿಯಾ ಮಾತ್ರ ಜೊತೆಗಿದ್ದಳು. ಉಳಿದ ನಾಲ್ವರನ್ನು ಬಂಧುಗಳ ಬಳಿ ಬಿಡಲಾಗಿತ್ತು. ಕೊನೆಯ ಮಗು ರೆಬೆಕಾಗೆ ಆಗ ವರ್ಷ ದಾಟಿತ್ತಷ್ಟೆ. ನವೆಂಬರಿನಲ್ಲಿ ಲಿವೋರ್ನೊ ತಲುಪಿದಾಗ, ನ್ಯೂಯಾರ್ಕಿನಲ್ಲಿ ಹಳದಿಜ್ವರ ಹರಡಿದ್ದ ಕಾರಣ, ಅಧಿಕಾರಿಗಳು ಅವರನ್ನು ಊರೊಳಗೆ ಬಿಡದೆ ಬಂದರಿನ ಪ್ರತಿಬಂಧಕ ಗೃಹದಲ್ಲಿ ಇರಿಸಿದರು. ಶೀತ ತುಂಬಿದ ಆ ಕಲ್ಲುಕೋಣೆಯಲ್ಲಿ ರೋಗಿಯೊಡನೆ ಒಂದು ತಿಂಗಳು ಕಳೆಯಬೇಕಾಯಿತು. ಡಿಸೆಂಬರ್ 19ರಂದು ಬಿಡುಗಡೆಯಾಯಿತು. 27ರಂದು ಪೀಸಾ ನಗರದಲ್ಲಿ ವಿಲಿಯಂ ತೀರಿಕೊಂಡರು. ಜ್ವರದ ಠಾಣೆಯಲ್ಲಿ ವಲಸೆಗಾರರನ್ನು ತಡೆಹಿಡಿಯುತ್ತಿದ್ದ ಅಧಿಕಾರಿಯ ಮಗಳೇ ಪರದೇಶದ ಅಂಥದೊಂದು ಠಾಣೆಯಲ್ಲಿ ಗಂಡನ ಕೊನೆಯ ದಿನಗಳನ್ನು ಎಣಿಸಬೇಕಾಗಿ ಬಂದದ್ದು ಈ ಚರಿತ್ರೆಯ ಕಹಿ ಸಂಗತಿಗಳಲ್ಲಿ ಒಂದು.

ಪ್ರತಿಬಂಧಕ ಗೃಹದಲ್ಲಿದ್ದಾಗ ಎಲಿಜಬೆತ್ ನಾದಿನಿ ರೆಬೆಕಾ ಸೀಟನ್‌ಗಾಗಿ ಒಂದು ದಿನಚರಿಯನ್ನು ಬರೆದರು. ಕುಟುಂಬದೊಳಗಿನ ಓದಿಗೆಂದು ಬರೆದ ಈ ಬರಹ 1817ರಲ್ಲಿ ಅವರ ಅನುಮತಿಯಿಲ್ಲದೆ ಅಚ್ಚಾಯಿತು. ಅಮೆರಿಕದ ಆರಂಭಕಾಲದ ಮಹಿಳಾ ಬರವಣಿಗೆಯ ದೃಷ್ಟಿಯಿಂದ ಈ ದಿನಚರಿಗೆ ವಿಶೇಷ ಮಹತ್ವವಿದೆ. ಸಾಯುತ್ತಿರುವ ಗಂಡ, ಚಳಿಗೆ ನಡುಗುವ ಮಗಳು, ಕಿಟಕಿಯಾಚೆಯ ಕಡಲು, ಬೆಳಗು ಬೈಗಿನ ಪ್ರಾರ್ಥನೆ ಇಷ್ಟೇ ಅದರ ವಸ್ತು. ಧಾರ್ಮಿಕ ಪಠ್ಯವೊಂದು ಮನೆವಾರ್ತೆಯ ಒಡಲಿನಲ್ಲಿ ರೂಪುಗೊಳ್ಳುವ ಕ್ರಮವನ್ನು ಅದು ತೋರಿಸಿಕೊಡುತ್ತದೆ.

ವಿಲಿಯಂ ಅವರ ಮರಣದ ನಂತರ ಫಿಲಿಪ್ಪೊ ಮತ್ತು ಅಂತೋನಿಯೊ ಫಿಲಿಕ್ಕಿ ಸೋದರರ ಕುಟುಂಬವು ತಾಯಿ ಮಗಳಿಬ್ಬರಿಗೂ ಆಸರೆ ನೀಡಿತು. ಲಿವೋರ್ನೊ ಮತ್ತು ಫ್ಲಾರೆನ್ಸ್‌ಗಳ ದೇವಾಲಯಗಳಲ್ಲಿ ಎಲಿಜಬೆತ್ ಕಥೋಲಿಕ ಆರಾಧನೆಯನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದರು. ಪರಮಪ್ರಸಾದದಲ್ಲಿ ಕ್ರಿಸ್ತರ ನೈಜ ಸಾನ್ನಿಧ್ಯವಿದೆಯೆಂಬ ನಂಬಿಕೆಯೂ ಮರಿಯ ಮಾತೆಯ ಭಕ್ತಿಯೂ ಅವರ ಮನಸ್ಸನ್ನು ಸೆಳೆದವು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡವರಿಗೆ ಮಾತೃಭಕ್ತಿಯ ಈ ಪರಂಪರೆ ಆಪ್ತವಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮತಾಂತರ ಕೂಡಲೇ ನಡೆಯಲಿಲ್ಲ. 1804ರ ಜೂನ್‌ನಲ್ಲಿ ಅಂತೋನಿಯೊ ಅವರ ಜೊತೆಯಲ್ಲಿ ನ್ಯೂಯಾರ್ಕಿಗೆ ಮರಳಿದ ಮೇಲೆ ಸುಮಾರು ಒಂಬತ್ತು ತಿಂಗಳು ಅವರು ತೂಗುಯ್ಯಾಲೆಯಲ್ಲಿದ್ದರು. ಟ್ರಿನಿಟಿ ಚರ್ಚಿನ ಗುರು ಜಾನ್ ಹೆನ್ರಿ ಹೋಬರ್ಟ್ ಒಂದು ಕಡೆ, ಫಿಲಿಕ್ಕಿ ಸೋದರರು ಇನ್ನೊಂದು ಕಡೆ ವಾದಗಳನ್ನು ಮುಂದಿಟ್ಟರು. ತನ್ನ ಆತ್ಮದ ಪ್ರಶ್ನೆಯ ಜೊತೆಗೆ ಐದು ಮಕ್ಕಳ ಆತ್ಮಗಳ ಹೊಣೆಯೂ ತನ್ನದೆಂಬ ಅರಿವು ಅವರನ್ನು ಕಾಡಿತು. 1805ರ ಮಾರ್ಚ್ 14ರಂದು ಬಾರ್ಕ್ಲೆ ಬೀದಿಯ ಸಂತ ಪೇತ್ರರ ದೇವಾಲಯದಲ್ಲಿ ಅವರು ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದರು.

ಈ ನಿರ್ಧಾರದ ತೂಕವನ್ನು ಅರಿಯಲು ಅಂದಿನ ಸಾಮಾಜಿಕ ಸಂದರ್ಭವನ್ನು ಗಮನಿಸಬೇಕು. 1784ರವರೆಗೂ ನ್ಯೂಯಾರ್ಕಿನಲ್ಲಿ ಕಥೋಲಿಕ ಗುರುಗಳ ವಿರುದ್ಧ ಕಾನೂನು ಜಾರಿಯಲ್ಲಿತ್ತು. ಇಡೀ ನಗರಕ್ಕೆ ಇದ್ದದ್ದು ಸಂತ ಪೇತ್ರರ ದೇವಾಲಯವೊಂದೇ. ಅಲ್ಲಿಗೆ ಬರುತ್ತಿದ್ದವರು ಬಹುಪಾಲು ಬಡ ಐರಿಷ್ ವಲಸೆಗಾರರು. 1806ರ ಕ್ರಿಸ್ಮಸ್ ಸಮಯದಲ್ಲಿ ಆ ದೇವಾಲಯದ ಮುಂದೆಯೇ ಗಲಭೆ ನಡೆಯಿತು. ಪ್ರತಿಷ್ಠಿತ ಮನೆತನದ ಹೆಣ್ಣುಮಗಳೊಬ್ಬಳು ಅಂಥ ಸಭೆಯನ್ನು ಸೇರುವುದೆಂದರೆ ತನ್ನ ವರ್ಗದಿಂದಲೂ ಹೊರಬಿದ್ದಂತೆ. ಗಂಡನ ಕಡೆಯ ಮತ್ತು ತವರಿನ ಕಡೆಯ ನೆರವನ್ನೇ ನಂಬಿದ್ದ ವಿಧವೆಗೆ ಇದು ಜೀವನೋಪಾಯದ ಪ್ರಶ್ನೆಯೂ ಆಗಿತ್ತು.

4

ಮತಾಂತರದ ಅನಂತರದ ಮೂರು ವರ್ಷಗಳು ವಿಫಲತೆಯ ವರ್ಷಗಳು. 1805ರಲ್ಲಿ ಬೇರೆಯವರೊಡನೆ ಸೇರಿ ಆರಂಭಿಸಿದ ಶಾಲೆಯೊಂದು, ಮಕ್ಕಳನ್ನು ಮತಾಂತರಿಸುವ ಉದ್ದೇಶ ಅದಕ್ಕಿದೆಯೆಂಬ ಪುಕಾರು ಹಬ್ಬಿದ್ದರಿಂದ, ಕೆಲವೇ ತಿಂಗಳಲ್ಲಿ ಮುಚ್ಚಿತು. ಆಮೇಲೆ ಹತ್ತಿರದ ಶಾಲೆಯೊಂದರ ಹುಡುಗರಿಗೆ ಊಟ ವಸತಿ ಒದಗಿಸುವ ಮನೆಯನ್ನು ನಡೆಸಿದರು. ಮನೆಗೆಲಸ, ಅಡುಗೆ, ಒಗೆತ, ಹುಡುಗರ ತುಂಟಾಟ ಇವುಗಳ ನಡುವೆ ಸ್ವಂತ ಮಕ್ಕಳ ಪಾಠ ಸಾಗಿತು. ಗಂಡುಮಕ್ಕಳಿಬ್ಬರನ್ನು ಫಿಲಿಕ್ಕಿಯವರ ಸಹಾಯದಿಂದ ಜಾರ್ಜ್‌ಟೌನ್ ಕಾಲೇಜಿಗೆ ಸೇರಿಸಲಾಯಿತು. 1806ರಲ್ಲಿ ಬಾಲ್ಟಿಮೋರಿನ ಧರ್ಮಾಧ್ಯಕ್ಷ ಜಾನ್ ಕ್ಯಾರಲ್ ಅವರಿಂದ ಎಲಿಜಬೆತ್ ದೃಢೀಕರಣ ಸಂಸ್ಕಾರವನ್ನು ಪಡೆದರು. ಅದೇ ವರ್ಷ ಹದಿಹರೆಯದ ನಾದಿನಿ ಸಿಸಿಲಿಯಾ ಕೂಡ ಕಥೋಲಿಕಳಾದಾಗ ಬಂಧುಗಳ ಸಿಟ್ಟೆಲ್ಲ ಅತ್ತಿಗೆಯ ಮೇಲೆ ತಿರುಗಿತು. ಅನೇಕ ಮನೆಗಳ ಬಾಗಿಲು ಮುಚ್ಚಿತು. ಎಲ್ಲರೂ ಕೈಬಿಟ್ಟರೆಂದು ಹೇಳುವುದು ಮಾತ್ರ ಸರಿಯಾಗದು. ಅಕ್ಕ ಮೇರಿ ಮತ್ತು ಕೆಲವು ಗೆಳತಿಯರು ನಂಬಿಕೆಯ ಭೇದವನ್ನು ಬದಿಗಿಟ್ಟು ಸಂಬಂಧ ಉಳಿಸಿಕೊಂಡರು.

ಬಾಲ್ಟಿಮೋರಿನ ಸಂತ ಮರಿಯ ಕಾಲೇಜಿನ ಮುಖ್ಯಸ್ಥರಾಗಿದ್ದ ಸಲ್ಪೀಷಿಯನ್ ಗುರು ವಿಲಿಯಂ ಡುಬೂರ್ಗ್ ಆ ನಗರದಲ್ಲಿ ಹೆಣ್ಣುಮಕ್ಕಳಿಗೊಂದು ಶಾಲೆ ತೆರೆಯುವಂತೆ ಆಹ್ವಾನಿಸಿದರು. 1808ರ ಜೂನ್‌ನಲ್ಲಿ ಎಲಿಜಬೆತ್ ಮೂವರು ಹೆಣ್ಣುಮಕ್ಕಳೊಡನೆ ಬಾಲ್ಟಿಮೋರಿಗೆ ಬಂದು ಪಾಕಾ ಬೀದಿಯ ಚಿಕ್ಕ ಇಟ್ಟಿಗೆ ಮನೆಯಲ್ಲಿ ಶಾಲೆ ಆರಂಭಿಸಿದರು. ಗಂಡುಮಕ್ಕಳೂ ಜಾರ್ಜ್‌ಟೌನಿನಿಂದ ಅಲ್ಲಿನ ಕಾಲೇಜಿಗೆ ಬಂದರು. ವರ್ಷಗಳ ಚದುರುವಿಕೆಯ ನಂತರ ಐದು ಮಕ್ಕಳೂ ತಾಯಿಯ ಹತ್ತಿರವಾದರು. ಶಾಲೆಗೆ ಸೇರಿದವರು ಬೆರಳೆಣಿಕೆಯ ಹುಡುಗಿಯರು; ಅವರ ಸಾಲಿನಲ್ಲಿ ಶಿಕ್ಷಕಿಯ ಮಕ್ಕಳೂ ಇದ್ದರು.

ಶಿಕ್ಷಕಿಯಾಗಿ ಬಂದ ವಿಧವೆಯ ಸುತ್ತ ಕೆಲವೇ ತಿಂಗಳಲ್ಲಿ ಸೇವೆಗೆ ಸಿದ್ಧರಾದ ಹೆಂಗಸರು ಸೇರತೊಡಗಿದರು. 1809ರ ಮಾರ್ಚ್ 25ರಂದು ಎಲಿಜಬೆತ್ ಜಾನ್ ಕ್ಯಾರಲ್ ಅವರ ಎದುರಿನಲ್ಲಿ ಒಂದು ವರ್ಷದ ಅವಧಿಯ ವ್ರತಗಳನ್ನು ಸ್ವೀಕರಿಸಿದರು. 'ತಾಯಿ' ಎಂಬ ಸಂಬೋಧನೆ ಅಂದಿನಿಂದ ಬಳಕೆಗೆ ಬಂದಿತು. ಇಟಲಿಯಲ್ಲಿ ವೈಧವ್ಯ ಒದಗಿದಂದಿನಿಂದ ಅವರು ತೊಡುತ್ತಿದ್ದ ಕಪ್ಪು ಉಡುಪೇ ಸಂಘದ ಉಡುಪಾಯಿತು. ವಿಧವೆಯ ಉಡುಪು ಸಂನ್ಯಾಸಿನಿಯ ಉಡುಪಾದ ಈ ಬದಲಾವಣೆಯಲ್ಲಿ ಹರಿದುಹೋದ ಗುರುತಿಗಿಂತ ಮುಂದುವರಿದ ಗುರುತೇ ಎದ್ದು ಕಾಣುತ್ತದೆ.

5

ಮತಾಂತರ ಹೊಂದಿದ ಶ್ರೀಮಂತ ಸ್ಯಾಮುಯೆಲ್ ಕೂಪರ್ ಅವರು ನೀಡಿದ ಹಣದಿಂದ ಮೇರಿಲ್ಯಾಂಡ್ ರಾಜ್ಯದ ಎಮಿಟ್ಸ್‌ಬರ್ಗ್ ಹಳ್ಳಿಯ ಬಳಿ ಹೊಲವೊಂದನ್ನು ಕೊಳ್ಳಲಾಯಿತು. ಬಾಲ್ಟಿಮೋರಿಗೆ ವಾಯವ್ಯದಲ್ಲಿ ಸುಮಾರು 50 ಮೈಲಿ ದೂರದ ಈ ಬೆಟ್ಟದ ತಪ್ಪಲಿಗೆ 1809ರ ಜೂನ್‌ನಲ್ಲಿ ಅವರು ಪಯಣಿಸಿದರು. ಹ್ಯಾರಿಯೆಟ್ ಮತ್ತು ಸಿಸಿಲಿಯಾ ಈ ಪಯಣದಲ್ಲಿ ಜೊತೆಯಾಗಿದ್ದರು. ಜುಲೈ 31ರಂದು ಹಳೆಯ ಕಲ್ಲುಮನೆಯಲ್ಲಿ ಸಮುದಾಯ ಜೀವನ ಆರಂಭವಾಯಿತು. ಅಕ್ಕಪಕ್ಕದ ಬಡ ಹುಡುಗಿಯರಿಗಾಗಿ ಸಂತ ಜೋಸೆಫರ ಉಚಿತ ಶಾಲೆ ತೆರೆದದ್ದು 1810ರ ಫೆಬ್ರವರಿ 22ರಂದು. ಅದೇ ವರ್ಷದ ಮೇ ತಿಂಗಳಿನಿಂದ ಶುಲ್ಕ ಕೊಟ್ಟು ವಾಸಿಸುವ ವಿದ್ಯಾರ್ಥಿನಿಯರನ್ನು ಸೇರಿಸಿಕೊಳ್ಳಲಾಯಿತು.

ಅಮೆರಿಕದ ಕಥೋಲಿಕ ಶಾಲಾ ವ್ಯವಸ್ಥೆಯ ಸಂಸ್ಥಾಪಕಿ ಎಂಬ ಬಿರುದು ಎಲಿಜಬೆತ್ ಸೀಟನ್ ಅವರಿಗೆ ರೂಢಿಯಿಂದ ಸಂದಿದೆ. ಈ ಮಾತನ್ನು ಕೆಲವು ಮಿತಿಗಳೊಂದಿಗೆ ಒಪ್ಪಬೇಕಾಗುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಉರ್ಸುಲಾ ಸಭೆಯ ಭಗಿನಿಯರು 1727ರಷ್ಟು ಹಿಂದೆಯೇ ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದ್ದರು. ಎಮಿಟ್ಸ್‌ಬರ್ಗಿನ ಶಾಲೆ ಪೂರ್ಣವಾಗಿ ಉಚಿತವೂ ಆಗಿರಲಿಲ್ಲ. ಅನುಕೂಲಸ್ಥರ ಹೆಣ್ಣುಮಕ್ಕಳು ಕೊಡುತ್ತಿದ್ದ ಶುಲ್ಕವೇ ಬಡ ಹುಡುಗಿಯರ ಪಾಠಕ್ಕೂ ಭಗಿನಿಯರ ಊಟಕ್ಕೂ ಆಧಾರವಾಗಿತ್ತು. ಸೀಟನ್ ಅವರ ಹೊಸತನವಿರುವುದು ಬೇರೆಡೆ. ಹೊರದೇಶದ ಮಠವೊಂದರ ಶಾಖೆಯಾಗದೆ, ಅಮೆರಿಕದ ನೆಲದಲ್ಲಿಯೇ ಹುಟ್ಟಿದ ಭಗಿನಿಯರ ಸಂಘವೊಂದು ಶಿಕ್ಷಣವನ್ನು ತನ್ನ ಮುಖ್ಯ ಕಾಯಕವಾಗಿ ಸ್ವೀಕರಿಸಿದ್ದು, ಉಳ್ಳವರ ಶುಲ್ಕದಿಂದ ಇಲ್ಲದವರ ಶಾಲೆಯನ್ನು ನಡೆಸುವ ಮಾದರಿಯೊಂದನ್ನು ರೂಪಿಸಿದ್ದು, ಶಿಕ್ಷಕಿಯರನ್ನು ತರಬೇತುಗೊಳಿಸಿ ಬೇರೆ ಊರುಗಳಿಗೆ ಕಳಿಸಿದ್ದು ಇವು ಮುಂದಿನ ಶತಮಾನದ ವಿಸ್ತಾರಕ್ಕೆ ದಾರಿಯಾದವು. ಆ ಕಾಲದ ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು; ನೆರೆಯ ಗಂಡುಮಕ್ಕಳ ಕಾಲೇಜು ಗುಲಾಮರ ದುಡಿಮೆಯನ್ನು ಬಳಸಿಕೊಂಡಿತ್ತು. ಉಚಿತ ಶಿಕ್ಷಣದ ಆದರ್ಶವು ಇಂಥ ಸಮಾಜದೊಳಗೆ ಇದ್ದುಕೊಂಡೇ ಬೆಳೆಯಿತೆಂಬುದನ್ನು ಮರೆಮಾಚುವಂತಿಲ್ಲ.

ಶಾಲೆಯಲ್ಲಿ ಓದು, ಬರಹ, ಲೆಕ್ಕ, ವ್ಯಾಕರಣ, ಭೂಗೋಳ, ಸಂಗೀತ, ಹೊಲಿಗೆ ಮತ್ತು ಜ್ಞಾನೋಪದೇಶದ ಪಾಠಗಳಿದ್ದವು. ತರಗತಿಗಳ ಮೇಲ್ವಿಚಾರಣೆ, ಪೋಷಕರಿಗೆ ಪತ್ರ, ಲೆಕ್ಕಪತ್ರ, ಹೊಸ ಭಗಿನಿಯರ ಶಿಕ್ಷಣ ಇವೆಲ್ಲವೂ ಸೀಟನ್ ಅವರ ಪಾಲಿನ ಕೆಲಸಗಳು. ಹಿರಿಯ ವಿದ್ಯಾರ್ಥಿನಿಯರನ್ನು ಕೂರಿಸಿಕೊಂಡು ಬದುಕಿನ ಬಗೆಗೆ ಮಾತನಾಡುವ ಪದ್ಧತಿಯನ್ನೂ ಅವರು ಇಟ್ಟುಕೊಂಡಿದ್ದರು. ಅವರನ್ನು ಕನ್ಯಾಸ್ತ್ರೀಯರನ್ನಾಗಿ ಮಾಡುವುದು ತಮ್ಮ ಗುರಿಯಲ್ಲ, ಲೋಕದಲ್ಲಿ ಒಳ್ಳೆಯ ತಾಯಂದಿರಾಗಿ ಬಾಳಲು ಅಣಿಗೊಳಿಸುವುದೇ ತಮ್ಮ ಕೆಲಸ ಎಂಬ ಆಶಯ ಆ ಮಾತುಗಳ ಹಿಂದಿತ್ತು. ಸಂಸಾರವನ್ನು ಕಂಡುಂಡ ಶಿಕ್ಷಕಿಯಿಂದ ಮಾತ್ರ ಬರಬಹುದಾದ ಆಶಯವಿದು. ಭಗಿನಿಯರ ಓದಿಗಾಗಿ ವಿನ್ಸೆಂಟ್ ದಿ ಪೌಲ್ ಮತ್ತು ಲೂಯಿಸ್ ದಿ ಮರಿಯಾಕ್ ಅವರ ಫ್ರೆಂಚ್ ಚರಿತ್ರೆಗಳನ್ನು ಅವರು ಇಂಗ್ಲಿಷಿಗೆ ಅನುವಾದಿಸಿದರು. ಬಾಲ್ಯದಲ್ಲಿ ಸಿರಿವಂತಿಕೆಯ ಅಲಂಕಾರವಾಗಿ ಕಲಿತ ಫ್ರೆಂಚ್ ಹೀಗೆ ಸಂಘ ನಿರ್ಮಾಣದ ಸಾಧನವಾಯಿತು.

6

ಸಂಘಕ್ಕೊಂದು ನಿಯಮಾವಳಿ ಬೇಕೆಂಬ ಪ್ರಶ್ನೆ ಎದುರಾದಾಗ ಸೀಟನ್ ಅವರ ಬದುಕಿನ ಮುಖ್ಯ ಬಿಕ್ಕಟ್ಟು ಮೇಲೆದ್ದು ಬಂದಿತು. ಮೇಲಿನ ಅಧಿಕಾರ ಸಲ್ಪೀಷಿಯನ್ ಗುರುಗಳ ಕೈಯಲ್ಲಿತ್ತು. ಡುಬೂರ್ಗ್ ಅವರೊಡನೆಯೂ ಅವರ ನಂತರ ಬಂದ ಜಾನ್ ಬ್ಯಾಪ್ಟಿಸ್ಟ್ ದಾವಿದ್ ಅವರೊಡನೆಯೂ ಸೀಟನ್ ಅವರಿಗೆ ಭಿನ್ನಾಭಿಪ್ರಾಯಗಳುಂಟಾದವು. ಸಂಘದ ನೇತೃತ್ವದಲ್ಲಿ ಅವರ ಸ್ಥಾನಕ್ಕೆ ಬೇರೊಬ್ಬ ಭಗಿನಿಯನ್ನು ತರುವ ಆಲೋಚನೆಯೂ ನಡೆಯಿತು. ವಿಧೇಯತೆಯನ್ನು ವ್ರತವಾಗಿ ಸ್ವೀಕರಿಸಿದ್ದರೂ ಅವರು ಮೌನವಾಗಿರಲಿಲ್ಲ. 1808ರಲ್ಲಿ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡಿದ್ದ ಕ್ಯಾರಲ್ ಅವರಿಗೆ ತಮ್ಮ ಅಸಮಾಧಾನವನ್ನು ತಿಳಿಸುತ್ತಲೇ ಇದ್ದರು.

ಫ್ರಾನ್ಸಿನಲ್ಲಿ ವಿನ್ಸೆಂಟ್ ದಿ ಪೌಲ್ ಸ್ಥಾಪಿಸಿದ ಸೇವಾಭಗಿನಿಯರ ನಿಯಮಾವಳಿಯನ್ನು 1810ರಲ್ಲಿ ಧರ್ಮಾಧ್ಯಕ್ಷ ಫ್ಲಾಜೆ ಅಮೆರಿಕಕ್ಕೆ ತಂದರು. ಫ್ರೆಂಚ್ ಭಗಿನಿಯರೇ ಬಂದು ಎಮಿಟ್ಸ್‌ಬರ್ಗಿನವರಿಗೆ ತರಬೇತಿ ನೀಡುವ ಯೋಜನೆಯೂ ಇತ್ತು. ಹಾಗಾಗಿದ್ದರೆ ಐದು ಮಕ್ಕಳ ತಾಯಿಯೊಬ್ಬರು ಸಂಘದಲ್ಲಿ ಉಳಿಯುವುದು, ಅದರ ಮುಖ್ಯಸ್ಥೆಯಾಗಿರುವುದು ಸಾಧ್ಯವಾಗುತ್ತಿತ್ತೇ ಎಂಬುದು ಅನುಮಾನ. ತಾಯಿಯ ಕರ್ತವ್ಯಕ್ಕೆ ಅಡ್ಡಿಯಾಗುವ ಯಾವ ಬಂಧನವನ್ನೂ ತಾವು ಒಪ್ಪಲಾರೆವೆಂಬ ನಿಲುವನ್ನು ಸೀಟನ್ ಕ್ಯಾರಲ್ ಅವರ ಮುಂದೆ ಸ್ಪಷ್ಟಪಡಿಸಿದ್ದರು. ನೆಪೋಲಿಯನ್ ಆಡಳಿತದಿಂದಾಗಿ ಫ್ರೆಂಚ್ ಭಗಿನಿಯರ ಪ್ರಯಾಣ ನಿಂತುಹೋಯಿತು. ಕೊನೆಗೆ, ಅಮೆರಿಕದ ಪರಿಸ್ಥಿತಿಗೆ ಹೊಂದುವಂತೆ ತಿದ್ದಿದ ನಿಯಮಾವಳಿಗೆ 1812ರ ಜನವರಿಯಲ್ಲಿ ಕ್ಯಾರಲ್ ಒಪ್ಪಿಗೆ ನೀಡಿದರು. ಶುಲ್ಕ ಪಡೆದು ವಿದ್ಯಾರ್ಥಿನಿಯರನ್ನು ಇಟ್ಟುಕೊಳ್ಳಲು ಅದರಲ್ಲಿ ಅವಕಾಶವಿತ್ತು. ಸೀಟನ್ ಅವರು ತಮ್ಮ ಮಕ್ಕಳ ಪೋಷಕಿಯಾಗಿ ಮುಂದುವರಿಯಲು ವಿಶೇಷ ವಿನಾಯಿತಿಯೂ ಇತ್ತು. 1813ರ ಜುಲೈ 19ರಂದು ಅವರೂ ಸೇರಿ ಹದಿನೆಂಟು ಮಂದಿ ಈ ನಿಯಮದಂತೆ ವ್ರತ ಸ್ವೀಕರಿಸಿದರು. ಕೊನೆಯವರೆಗೂ ಸಂಘದ ಮುಖ್ಯಸ್ಥೆಯಾಗಿ ಅವರೇ ಉಳಿದರು. ಧಾರ್ಮಿಕ ಸಂಸ್ಥೆಯೊಂದರ ಕಟ್ಟಳೆಯು ತಾಯಿಯೊಬ್ಬಳ ಹೊಣೆಗಾರಿಕೆಗೆ ಬಾಗಿದ ಅಪರೂಪದ ನಿದರ್ಶನವಿದು.

ಇಷ್ಟು ಹೋರಾಡಿ ಉಳಿಸಿಕೊಂಡ ತಾಯ್ತನವು ಸುಖವನ್ನು ತಂದಿತೆಂದು ಹೇಳಲಾಗದು. ಕ್ಷಯರೋಗವು ಈ ಮನೆತನದ ಬೆನ್ನು ಬಿಡಲಿಲ್ಲ. 1809ರ ಡಿಸೆಂಬರಿನಲ್ಲಿ ಹ್ಯಾರಿಯೆಟ್, 1810ರ ಏಪ್ರಿಲ್‌ನಲ್ಲಿ ಸಿಸಿಲಿಯಾ ತೀರಿಕೊಂಡರು. ಇಟಲಿಯ ಕಲ್ಲುಕೋಣೆಯಲ್ಲಿ ತಾಯಿಯ ಸಂಗಾತಿಯಾಗಿದ್ದ ಹಿರಿಯ ಮಗಳು ಅನ್ನಾ ಮರಿಯಾ ಸಾವಿನ ಹಾಸಿಗೆಯಲ್ಲಿಯೇ ಸಂಘದ ವ್ರತಗಳನ್ನು ಸ್ವೀಕರಿಸಿ 1812ರ ಮಾರ್ಚ್ 12ರಂದು ಕಣ್ಣುಮುಚ್ಚಿದಳು. ಆಗ ಅವಳಿಗೆ ಹದಿನಾರು ವರ್ಷ. ಈ ಸಾವಿನ ನಂತರ ಸೀಟನ್ ತಿಂಗಳುಗಟ್ಟಲೆ ಕುಸಿದುಹೋದರು. ಪ್ರಾರ್ಥನೆಯೂ ಅವರಿಗೆ ಬರಡೆನಿಸಿತು. ಸಂಘದ ತಾಯಿಗೆ ಇಂಥ ಶೋಕ ತರವೇ ಎಂಬ ಪ್ರಶ್ನೆಯನ್ನು ಅವರು ತಮಗೆ ತಾವೇ ಹಾಕಿಕೊಂಡಂತೆ ಅವರ ಬರಹಗಳಿಂದ ತಿಳಿಯುತ್ತದೆ. ಗುರು ಸೈಮನ್ ಬ್ರೂತೆ ಅವರ ಮಾರ್ಗದರ್ಶನ ಈ ಕಾಲದಲ್ಲಿ ಆಸರೆಯಾಯಿತು. ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಸೊಂಟಕ್ಕೆ ಪೆಟ್ಟುಮಾಡಿಕೊಂಡಿದ್ದ ಕಿರಿಯ ಮಗಳು ರೆಬೆಕಾ ವರ್ಷಗಟ್ಟಲೆ ನರಳಿ, 1816ರ ನವೆಂಬರಿನಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ತಾಯಿಯ ತೋಳಿನಲ್ಲಿ ಪ್ರಾಣ ಬಿಟ್ಟಳು.

ಗಂಡುಮಕ್ಕಳ ವಿಷಯ ಬೇರೆ ಬಗೆಯ ನೋವು. ನೂರಾರು ಹೆಣ್ಣುಮಕ್ಕಳಿಗೆ ದಾರಿ ತೋರಿದ ಶಿಕ್ಷಕಿಗೆ ಸ್ವಂತ ಗಂಡುಮಕ್ಕಳ ದಾರಿ ಕೈಗೆಟುಕಲಿಲ್ಲ. ಹಿರಿಯ ವಿಲಿಯಂ 1815ರಲ್ಲಿ ಲಿವೋರ್ನೊದ ಫಿಲಿಕ್ಕಿಯವರ ಬಳಿ ವ್ಯಾಪಾರ ಕಲಿಯಲು ಹೋದ. ಆ ಕೆಲಸ ಒಗ್ಗದೆ ಮರಳಿ 1818ರಲ್ಲಿ ನೌಕಾದಳ ಸೇರಿದ. ಅವನ ಜಾಗಕ್ಕೆ ಹೋದ ರಿಚರ್ಡ್ ಕೂಡ ನೆಲೆ ನಿಲ್ಲಲಿಲ್ಲ. ಮಕ್ಕಳ ಧರ್ಮಶ್ರದ್ಧೆ ಸಡಿಲವಾದೀತೆಂಬ ಆತಂಕ, ಸಾಲದ ಭಯ, ಕಡಲ ಅಪಾಯದ ಚಿಂತೆ ಇವು ಆ ವರ್ಷಗಳ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಈ ಪತ್ರಗಳಲ್ಲಿ ಕಾಣುವವರು ಸಂಸ್ಥಾಪಕಿಯಲ್ಲ, ಮಗನ ಒಂದು ಸಾಲಿನ ಕಾಗದಕ್ಕಾಗಿ ತಿಂಗಳುಗಟ್ಟಲೆ ಕಾಯುವ ತಾಯಿ. ಚರಿತ್ರಕಾರರು ಈ ಭಾಗವನ್ನು ಬಹುಕಾಲ ಮೆಲುದನಿಯಲ್ಲಿ ಹೇಳಿದ್ದರೂ ಸೀಟನ್ ಅವರ ವ್ಯಕ್ತಿತ್ವದ ಸತ್ವ ಹೆಚ್ಚಾಗಿ ಪ್ರಕಟವಾಗುವುದು ಇಲ್ಲಿಯೇ.

7

ಇದೇ ಕಾಲದಲ್ಲಿ ಸಂಘ ಬೆಳೆಯುತ್ತಿತ್ತು. 1814ರಲ್ಲಿ ಫಿಲಡೆಲ್ಫಿಯದ ಅನಾಥಾಲಯದ ಹೊಣೆಯನ್ನೂ 1817ರಲ್ಲಿ ನ್ಯೂಯಾರ್ಕಿನ ಅನಾಥಾಲಯದ ಹೊಣೆಯನ್ನೂ ಭಗಿನಿಯರು ವಹಿಸಿಕೊಂಡರು. ಮತಾಂತರದ ಕಾರಣಕ್ಕೆ ಬಂಧುಗಳ ಬಾಗಿಲು ಮುಚ್ಚಿದ್ದ ನಗರಕ್ಕೇ ಅವರ ಭಗಿನಿಯರು ಸೇವೆಗಾಗಿ ಹೋದರು. ಗಂಡನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ನಾದಿನಿಯರನ್ನೂ ಕಾಡಿದ ಕ್ಷಯವು ಸೀಟನ್ ಅವರನ್ನೂ ಆವರಿಸಿತು. 1821ರ ಜನವರಿ 4ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಎಮಿಟ್ಸ್‌ಬರ್ಗಿನಲ್ಲಿ ಅವರು ನಿಧನರಾದರು. ಆ ಹೊತ್ತಿಗೆ ಮಕ್ಕಳಲ್ಲಿ ಹಾಸಿಗೆಯ ಬಳಿ ಇದ್ದವಳು ಕ್ಯಾಥರೀನ್ ಒಬ್ಬಳೇ.

ಮನೆತನದ ಮುಂದಿನ ಕಥೆಯೂ ಈ ಚರಿತ್ರೆಯ ಭಾಗವೇ. ರಿಚರ್ಡ್ 1823ರಲ್ಲಿ ಆಫ್ರಿಕದ ಪಶ್ಚಿಮ ಕರಾವಳಿಯ ಬಳಿ ಹಡಗಿನಲ್ಲಿಯೇ ತೀರಿಕೊಂಡ. ವಿಲಿಯಂ ನೌಕಾದಳದ ಸೇವೆಯ ನಂತರ ಸಂಸಾರವಂದಿಗನಾಗಿ 1868ರವರೆಗೆ ಬಾಳಿದ. ಕ್ಯಾಥರೀನ್ 1846ರಲ್ಲಿ ನ್ಯೂಯಾರ್ಕಿನ ಕರುಣೆಯ ಭಗಿನಿಯರ ಸಭೆಯನ್ನು ಸೇರಿ, ಸೆರೆಮನೆಯಲ್ಲಿದ್ದವರ ಸೇವೆಯಲ್ಲಿ ದಶಕಗಳನ್ನು ಕಳೆದು, 1891ರಲ್ಲಿ ನಿಧನಳಾದಳು. ವಿಲಿಯಂನ ಮಗ ರಾಬರ್ಟ್ ಸೀಟನ್ ಗುರುವಾಗಿ ಮಹಾಧರ್ಮಾಧ್ಯಕ್ಷ ಪದವಿಯವರೆಗೆ ಏರಿದ. ಅಜ್ಜಿಯ ಪತ್ರ ಮತ್ತು ದಿನಚರಿಗಳನ್ನು 1869ರಲ್ಲಿ ಪ್ರಕಟಿಸಿದವನೂ ಅವನೇ. ಎಲಿಜಬೆತ್ ಅವರ ಮಲತಮ್ಮನ ಮಗ ಜೇಮ್ಸ್ ರೂಸ್‌ವೆಲ್ಟ್ ಬೇಲಿ ಕಥೋಲಿಕನಾಗಿ, ಧರ್ಮಾಧ್ಯಕ್ಷನಾಗಿ, 1856ರಲ್ಲಿ ಸ್ಥಾಪಿಸಿದ ಕಾಲೇಜಿಗೆ ಸೀಟನ್ ಹಾಲ್ ಎಂದು ಅತ್ತೆಯ ಹೆಸರನ್ನೇ ಇಟ್ಟ. ಒಮ್ಮೆ ದೂರ ತಳ್ಳಿದ ಮನೆತನಗಳು ಎರಡನೆಯ, ಮೂರನೆಯ ತಲೆಮಾರಿನಲ್ಲಿ ಅವರ ಹೆಸರನ್ನು ಹೆಮ್ಮೆಯಿಂದ ಹೊತ್ತವು.

ಸಂಘವೂ ಕವಲೊಡೆಯಿತು. ಗಂಡುಮಕ್ಕಳ ಅನಾಥಾಲಯಗಳನ್ನು ನಡೆಸುವ ವಿಚಾರದಲ್ಲಿ ಭಿನ್ನಮತ ಬಂದು 1846ರಲ್ಲಿ ನ್ಯೂಯಾರ್ಕಿನ ಭಗಿನಿಯರು ಬೇರೆಯಾದರು; 1850ರಲ್ಲಿ ಎಮಿಟ್ಸ್‌ಬರ್ಗಿನ ಸಂಘ ಫ್ರಾನ್ಸಿನ ಮೂಲ ಸಂಘದಲ್ಲಿ ಸೇರಿತು. ಕೆಂಟಕಿಗೆ ಹೋದ ದಾವಿದ್ ಅವರು ಅದೇ ನಿಯಮಾವಳಿಯ ಆಧಾರದ ಮೇಲೆ 1812ರಲ್ಲಿ ಸ್ಥಾಪಿಸಿದ ನಜರೇತಿನ ಸೇವಾಭಗಿನಿಯರ ಸಂಘವು 1947ರಲ್ಲಿ ಬಿಹಾರದ ಮೊಕಾಮಾಗೆ ಬಂದು ಆಸ್ಪತ್ರೆ ತೆರೆಯಿತು. ಭಾರತದೊಡನೆ ಈ ಪರಂಪರೆಗಿರುವ ನಂಟು ಇಂಥದು. ಸೀಟನ್ ಅವರನ್ನು 1963ರ ಮಾರ್ಚ್ 17ರಂದು ಪೋಪ್ ಇಪ್ಪತ್ತಮೂರನೆಯ ಜಾನ್ ಧನ್ಯರ ಸಾಲಿಗೂ 1975ರ ಸೆಪ್ಟೆಂಬರ್ 14ರಂದು ಪೋಪ್ ಆರನೆಯ ಪೌಲ್ ಸಂತರ ಸಾಲಿಗೂ ಸೇರಿಸಿದರು. ಅವರ ಸಮಗ್ರ ಬರಹಗಳ ಶಾಸ್ತ್ರೀಯ ಸಂಪುಟಗಳು 2000ದಿಂದ ಹೊರಬರತೊಡಗಿದ ಮೇಲೆ ಸಂತಚರಿತ್ರೆಯ ಚೌಕಟ್ಟಿನಾಚೆಗೆ ಅವರನ್ನು ಓದುವ ದಾರಿ ತೆರೆಯಿತು.

ಒಟ್ಟಿನಲ್ಲಿ, ಎಲಿಜಬೆತ್ ಸೀಟನ್ ಅವರ ಬದುಕಿನಲ್ಲಿ ಸಂಸಾರವನ್ನು ತೊರೆದ ಘಟ್ಟವೊಂದನ್ನು ಹುಡುಕುವುದು ವ್ಯರ್ಥ. ನಾದಿನಿಯರಿಗೆ ಅಕ್ಷರ ಕಲಿಸಿದ ಅತ್ತಿಗೆ, ಮಕ್ಕಳ ಅನ್ನಕ್ಕಾಗಿ ಶಾಲೆ ತೆರೆದ ವಿಧವೆ, ಬಡ ಹುಡುಗಿಯರಿಗೆ ಪಾಠ ಹೇಳಿದ ಧರ್ಮಭಗಿನಿ ಇವರು ಬೇರೆ ಬೇರೆ ವ್ಯಕ್ತಿಗಳಲ್ಲ. ಮನೆಯನ್ನು ವಿಸ್ತರಿಸುತ್ತ ಹೋದದ್ದರಿಂದ ಶಾಲೆಯೂ, ಶಾಲೆಯನ್ನು ವಿಸ್ತರಿಸುತ್ತ ಹೋದದ್ದರಿಂದ ಸಂಘವೂ ಉಂಟಾದವು. ಹಾಗೆಂದು ಎರಡು ಬಗೆಯ ತಾಯ್ತನಗಳ ನಡುವೆ ಸಾಮರಸ್ಯ ಸಹಜವಾಗಿ ಏರ್ಪಟ್ಟಿತೆಂದು ಭಾವಿಸಬೇಕಾಗಿಲ್ಲ. ನಿಯಮಾವಳಿಯ ಚರ್ಚೆ, ಅನ್ನಾ ಮರಿಯಾಳ ಸಾವಿನ ನಂತರದ ಕುಸಿತ, ಗಂಡುಮಕ್ಕಳಿಗೆ ಬರೆದ ಪತ್ರಗಳ ತಳಮಳ ಇವು ಆ ಎರಡರ ನಡುವಿನ ಘರ್ಷಣೆ ಕೊನೆಯವರೆಗೂ ಇತ್ತೆಂಬುದಕ್ಕೆ ಸಾಕ್ಷಿಯಾಗಿವೆ. ಆ ಘರ್ಷಣೆಯನ್ನು ಅಳಿಸಿಹಾಕಿ ಬರೆದ ಚರಿತ್ರೆಯು ಸಂತಳೊಬ್ಬಳನ್ನು ಉಳಿಸಿಕೊಂಡು, ಅವಳನ್ನು ರೂಪಿಸಿದ ಮನೆಯನ್ನು ಕಳೆದುಕೊಳ್ಳುತ್ತದೆ.